ದೇಹವಿಲ್ಲದ ಮುಖ: ಸೂಡಿಯ ಕಲ್ಲು, ಅನ್‌ಯಾಂಗಿನ ಕಂಚು

ನಮ್ಮ ಗುಡಿಗಳ ಶಿಲ್ಪದ ಬಗ್ಗೆ ಬರೆಯುವವರಿಗೆ ಒಂದು ರೂಢಿ ಅಂಟಿಕೊಂಡಿದೆ. ಆನೆ ಎಂದರೆ ಐಶ್ವರ್ಯ, ಹಂಸ ಎಂದರೆ ವಿವೇಕ, ಕಳಸ ಎಂದರೆ ಸಮೃದ್ಧಿ, ಮಕರ ಎಂದರೆ ನೀರು. ಹೀಗೆ ಒಂದೊಂದು ಆಕೃತಿಗೂ ಒಂದೊಂದು ಅರ್ಥದ ಚೀಟಿ ಅಂಟಿಸಿದರೆ ಓದು ಮುಗಿಯಿತು. ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ದಾರಿಯ ಸೂಡಿಯಲ್ಲಿ ಜೋಡು ಕಳಸದ ಗುಡಿಯ ಮುಂದೆ ನಿಂತರೆ ಈ ಓದು ಎಷ್ಟು ಬಡವಾದದ್ದೆಂದು ತಿಳಿಯುತ್ತದೆ. ಕಲ್ಯಾಣ ಚಾಲುಕ್ಯರ ಶಿಲ್ಪಪರಂಪರೆಯಲ್ಲಿ ಸಂಕೇತ ಬಿಡಿಯಾಗಿ ಬದುಕುವುದೇ ಇಲ್ಲ. ಗೋಡೆ ಹೇಗೆ ಏಳುತ್ತದೆ, ಕಲ್ಲು ಕಲ್ಲಿಗೆ ಹೇಗೆ ಕೂಡುತ್ತದೆ ಎಂಬುದರಲ್ಲೇ ಅದರ ಅರ್ಥ ಇದೆ. ಇದನ್ನು ತೋರಿಸಲು ನಾನು ಬಹುದೂರದ ಒಂದು ಸಾಕ್ಷಿಯನ್ನು ಕರೆಯುತ್ತೇನೆ, ಪ್ರಾಚೀನ ಚೀನಾದ ಕಂಚಿನ ಪಾತ್ರೆಗಳನ್ನು.

ಶಾಂಗ್ ಅರಸರ ಕಾಲ ಸುಮಾರು ಕ್ರಿ.ಪೂ. 1600ರಿಂದ 1046. ಪಿತೃಗಳಿಗೆ ಅನ್ನ, ಮದ್ಯ ಎಡೆಯಿಡಲು ಅವರು ಎರಕ ಹೊಯ್ಯಿಸಿದ ಕಂಚಿನ ಪಾತ್ರೆಗಳ ಮೇಲೆ ಒಂದು ಮುಖ ಮತ್ತೆ ಮತ್ತೆ ಬರುತ್ತದೆ: ದಪ್ಪ ಕಣ್ಣು, ಕೊಂಬು, ಕೆಳದವಡೆ ಇಲ್ಲದ ಬಾಯಿ. ಅದನ್ನು ತಾವೊತಿಯೆ ಎನ್ನುತ್ತಾರೆ. ಕ್ರಿ.ಪೂ. 3ನೇ ಶತಮಾನದ 'ಲ್ಯೂಷಿ ಚುನ್‌ಚ್ಯು' ಎಂಬ ಗ್ರಂಥ ಈ ಪ್ರಾಣಿಗೆ ತಲೆಯಿದೆ, ದೇಹವಿಲ್ಲ ಎನ್ನುತ್ತದೆ. ಮನುಷ್ಯನನ್ನು ನುಂಗಹೋಗಿ, ಗಂಟಲಿಳಿಯುವ ಮೊದಲೇ ತನ್ನ ಮೈಗೇ ಕೇಡು ತಂದುಕೊಂಡಿತಂತೆ. ಈಗ ನಮ್ಮ ಕೀರ್ತಿಮುಖದ ಕಥೆ ನೆನೆಯಿರಿ. ಜಲಂಧರನ ದೂತನಾಗಿ ಬಂದ ರಾಹುವನ್ನು ತಿನ್ನಲು ಶಿವ ಒಂದು ಹಸಿದ ಭೂತವನ್ನು ಹುಟ್ಟಿಸಿದ. ರಾಹು ಶರಣಾದ, ಹಸಿವು ಉಳಿಯಿತು. ನಿನ್ನ ಮೈಯನ್ನೇ ತಿನ್ನು ಎಂಬ ಅಪ್ಪಣೆಯಾಯಿತು. ಅದು ತಿಂದು ತಿಂದು ಮುಖವೊಂದೇ ಉಳಿಯಿತು. ಶಿವ ಮೆಚ್ಚಿ ಅದನ್ನು ತನ್ನ ಬಾಗಿಲಿಗಿಟ್ಟ.

ಎರಡೂ ಕಡೆ ಹಸಿವು, ಎರಡೂ ಕಡೆ ದೇಹ ಕಳೆದುಕೊಂಡ ಮುಖ. ಇವೆರಡರ ನಡುವೆ ಕೊಡುಕೊಳೆ ನಡೆಯಿತೆಂದು ನಾನು ಹೇಳುತ್ತಿಲ್ಲ. ಶಾಂಗ್ ಕಂಚಿಗೂ ಸೂಡಿಯ ಕಲ್ಲಿಗೂ ನಡುವೆ ಎರಡು ಸಾವಿರ ವರ್ಷಕ್ಕೂ ಮಿಗಿಲಾದ ಅಂತರವಿದೆ. ನನಗೆ ಮುಖ್ಯವಾದದ್ದು ಬೇರೆ. ಕಥೆ ಎರಡೂ ಕಡೆ ಮುಖದ ನಂತರ ಬಂದದ್ದೆಂದೇ ತೋರುತ್ತದೆ. ಮುಖ ಹುಟ್ಟಿದ್ದು ಕೈಕೆಲಸದಿಂದ.

ಚೀನಾದ ಕಂಚುಗಾರರು ಮೊದಲು ಮಣ್ಣಿನ ಮಾದರಿ ಮಾಡಿ, ಅದರ ಮೇಲೆ ಮಣ್ಣಿನ ಅಚ್ಚು ಒತ್ತಿ, ಆ ಅಚ್ಚನ್ನು ತುಂಡುತುಂಡಾಗಿ ಕೊಯ್ದು ತೆಗೆದು, ಒಳತಿರುಳಿನ ಸುತ್ತ ಮತ್ತೆ ಜೋಡಿಸಿ ಕಂಚು ಹೊಯ್ಯುತ್ತಿದ್ದರು. ತುಂಡುಗಳು ಕೂಡುವಲ್ಲಿ ಬೆಸುಗೆಯ ಗೆರೆ ಉಳಿಯುತ್ತದೆ. ಅವರು ಆ ಗೆರೆಯನ್ನು ಮರೆಮಾಚುವ ಬದಲು ಎದ್ದುಕಾಣುವ ಏಣನ್ನಾಗಿ ಮಾಡಿ, ಅದರ ಎರಡು ಮಗ್ಗುಲಲ್ಲಿ ಒಂದೊಂದು ಪ್ರಾಣಿಯನ್ನು ಪಕ್ಕನೋಟದಲ್ಲಿ ನಿಲ್ಲಿಸಿದರು. ಎರಡು ಅರ್ಧಗಳು ಎದುರುಬದುರಾದಾಗ ನಡುವೆ ಮೂರನೆಯ ಮುಖವೊಂದು ನಮ್ಮತ್ತ ನೋಡುತ್ತದೆ. ಚಾಲುಕ್ಯರ ಮಕರತೋರಣದಲ್ಲೂ ಇದೇ ನ್ಯಾಯ: ಎಡಬಲಕ್ಕೆ ಎರಡು ಮಕರ, ಅವುಗಳ ಬಾಯಿಂದ ಏಳುವ ಬಳ್ಳಿಯ ಕಮಾನು, ನೆತ್ತಿಯಲ್ಲಿ ಕೀರ್ತಿಮುಖ. ಕಮಾನಿನ ಎರಡು ಚಲನೆಗಳು ಒಂದನ್ನೊಂದು ತಡೆದು ನಿಲ್ಲುವ ಬಿಂದುವಿನಲ್ಲಿ ಮುಖ ಕೂತಿದೆ. ಅದನ್ನು ಕಿತ್ತರೆ ತೋರಣದ ಗತಿಯೇ ಕುಸಿಯುತ್ತದೆ. ಅಲಂಕಾರವೆಂದು ಕರೆದು ಬದಿಗಿಡುವ ವಸ್ತು ಅದಲ್ಲ.

ಚೀನಾದ ಕಂಚಿನ ಬಗ್ಗೆ ವಿದ್ವಾಂಸರಲ್ಲಿ ದೊಡ್ಡ ಜಗಳವೇ ನಡೆದಿದೆ. ತಾವೊತಿಯೆ ಬರಿಯ ವಿನ್ಯಾಸದಿಂದ ಬೆಳೆದದ್ದು, ಅದರ ಹಿಂದೆ ನಿಶ್ಚಿತ ಅರ್ಥ ಹುಡುಕಬೇಕಿಲ್ಲ ಎಂದವರು ಮ್ಯಾಕ್ಸ್ ಲೋರ್. ಅಲ್ಲ, ಆ ಪ್ರಾಣಿಗಳು ಪುರೋಹಿತನನ್ನು ಪಿತೃಲೋಕಕ್ಕೆ ದಾಟಿಸುವ ಸಹಾಯಕರು ಎಂದು 1983ರಲ್ಲಿ ಕೆ.ಸಿ. ಚಾಂಗ್ ವಾದಿಸಿದರು. ನಮ್ಮಲ್ಲಿ ಅಂಥ ಜಗಳ ಸಾಕಷ್ಟು ನಡೆದಿಲ್ಲ ಎಂಬುದೇ ನನ್ನ ದೂರು. ಹೆನ್ರಿ ಕಸಿನ್ಸ್ 1926ರಲ್ಲಿ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವಿನ ಬಗ್ಗೆ ದೊಡ್ಡ ಗ್ರಂಥ ತಂದ. ಅದರಿಂದ ವಿವರ ಸಿಕ್ಕಿತು. ಆಡಮ್ ಹಾರ್ಡಿ 1995ರಲ್ಲಿ ಕರ್ಣಾಟ ದ್ರಾವಿಡ ಪರಂಪರೆಯನ್ನು ಕುರಿತು ಬರೆದಾಗ ಒಂದು ಕೀಲಿಕೈಯೇ ಸಿಕ್ಕಿತು: ಗುಡಿಯ ಗೋಡೆ ಎಂದರೆ ಚಿಕ್ಕ ಚಿಕ್ಕ ಗುಡಿಗಳ ಸಮೂಹ. ಒಂದು ಗುಡಿಯೊಳಗಿಂದ ಇನ್ನೊಂದು ಮುಂದೊತ್ತಿ ಬರುತ್ತದೆ, ಅದರಿಂದ ಮತ್ತೊಂದು.

ಈ ಕೀಲಿಕೈ ಹಿಡಿದು ಜೋಡು ಕಳಸದ ಗುಡಿ ನೋಡಬೇಕು. ದಂಡನಾಯಕ ನಾಗದೇವ ಸುಮಾರು 1060ರಲ್ಲಿ ಕಟ್ಟಿಸಿದ ಈ ಗುಡಿಗೆ ಎದುರುಬದುರಾಗಿ ಎರಡು ಗರ್ಭಗೃಹ, ಎರಡು ಶಿಖರ. ಅಧಿಷ್ಠಾನದ ಪಟ್ಟಿಗಳಿಂದ ಕಣ್ಣು ಮೇಲೇರಿದರೆ ಭಿತ್ತಿಯ ಅರೆಗಂಬಗಳು, ಅವುಗಳ ಮೇಲೆ ಪುಟ್ಟ ಶಿಖರಗಳು, ಅಂತಸ್ತು ಅಂತಸ್ತಿಗೆ ಅದೇ ಆಕಾರ ಕಿರಿದಾಗುತ್ತ ಹೋಗಿ ನೆತ್ತಿಯ ಕಳಸದಲ್ಲಿ ನಿಲ್ಲುತ್ತದೆ. ಕಳಸ ಸಮೃದ್ಧಿಯ ಚಿಹ್ನೆ ಎಂದು ಬಿಡಿಯಾಗಿ ಹೇಳಿದರೆ ಏನೂ ಹೇಳಿದಂತಾಗಲಿಲ್ಲ. ಕೆಳಗಿನಿಂದ ಹುಟ್ಟಿ ಹುಟ್ಟಿ ಬಂದ ಅಷ್ಟೂ ಗುಡಿಗಳು ತುಂಬಿಕೊಂಡ ಕೊನೆಯ ಬಿಂದು ಅದು. ಒಂದರಿಂದ ಹಲವು, ಹಲವರಿಂದ ಒಂದು ಎಂಬ ಶೈವರ ಮಾತು ಇಲ್ಲಿ ಕಲ್ಲಿನ ವ್ಯಾಕರಣವಾಗಿದೆ.

ಸೂಡಿಯ ನಾಗಕುಂಡದ ವಿಷಯ ಇನ್ನೂ ಸೋಜಿಗದ್ದು. ನೆಲದೊಳಕ್ಕೆ ಇಳಿಯುವ ಮೆಟ್ಟಿಲು, ಕೆಳಗೆ ನೀರು, ನೀರಿನ ಸುತ್ತ ಗುಡಿಯ ಹೊರಗೋಡೆಗೆ ಮಾಡುವಷ್ಟೇ ಮನಸ್ಸಿಟ್ಟು ಕೆತ್ತಿದ ಗೋಡೆ. ಮಳೆ ಕೈಕೊಡುವ ರೋಣ–ನರಗುಂದದ ಎರೆಸೀಮೆಯಲ್ಲಿ ನೀರಿಗೆ ಸಲ್ಲಿಸಿದ ಗೌರವ ಇದು. ಚೀನಾ ಮತ್ತೆ ನೆನಪಾಗುವುದು ಇಲ್ಲೇ. ಮಳೆ, ಹೊಳೆಗಳ ಒಡೆಯನಾದ ಡ್ರ್ಯಾಗನ್ ಅಲ್ಲಿ ಬಹಳ ಹಳಬ. ಬೌದ್ಧ ಧರ್ಮದ ಜೊತೆ ಭಾರತದಿಂದ ಹೋದ ನಾಗರಾಜ ಅವನೊಡನೆ ಕಲೆತುಹೋದ. ತಾವೊತಿಯೆ ಮತ್ತು ಕೀರ್ತಿಮುಖಗಳದು ಹೋಲಿಕೆಯಾದರೆ ಇದು ನಿಜವಾದ ಸಂಬಂಧ. ಗಜೇಂದ್ರಗಡದ ಕಾಲಕಾಲೇಶ್ವರನ ಬಳಿ ಬಂಡೆಯಿಂದ ಜಿನುಗುವ ಅಂತರಗಂಗೆಗೆ ಕೈಯೊಡ್ಡುವ ಭಕ್ತರ ನಂಬಿಕೆಯಲ್ಲೂ ನೀರನ್ನು ಪೂಜಿಸುವ ಹಳೆಯ ನೆನಪು ಉಳಿದಿದೆ.

ಎರಡು ಪರಂಪರೆಗಳು ಬೇರೆಯಾಗುವುದು ಅವುಗಳ ಹಿಂದಿದ್ದ ಅಧಿಕಾರದಲ್ಲಿ. 1976ರಲ್ಲಿ ಶಾಂಗ್ ಅರಸರ ರಾಜಧಾನಿಯಿದ್ದ ಅನ್‌ಯಾಂಗಿನಲ್ಲಿ ಫೂ ಹಾವೊ ಎಂಬ ರಾಣಿಯ ಗೋರಿ ಸಿಕ್ಕಿತು. ಕ್ರಿ.ಪೂ. 1200ರ ಸುಮಾರಿಗೆ ಬದುಕಿದ, ದಂಡು ನಡೆಸಿದ ಹೆಣ್ಣು. ಗೋರಿಯಲ್ಲಿ 460ಕ್ಕೂ ಹೆಚ್ಚು ಕಂಚಿನ ವಸ್ತು, 700ಕ್ಕೂ ಹೆಚ್ಚು ಜೇಡ್ ಕಲ್ಲಿನ ವಸ್ತುಗಳಿದ್ದವು. ನಮ್ಮ ಸೂಡಿಗೂ ಅಂಥವಳೊಬ್ಬಳು ಇದ್ದಳು. ಚಾಲುಕ್ಯ ಜಯಸಿಂಹನ ಸೋದರಿ, 'ಗುಣದಬೆಡಂಗಿ' ಅಕ್ಕಾದೇವಿ. 1010ರ ಹೊತ್ತಿಗೇ ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಆಳುತ್ತಿದ್ದಳು. 1047ರಲ್ಲಿ ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದ್ದಳು. ಫೂ ಹಾವೊಳ ಸಂಪತ್ತು ಅವಳ ಜೊತೆ ಮಣ್ಣಾಯಿತು, ಹಾಗಾಗಿಯೇ ಉಳಿಯಿತು. ಅಕ್ಕಾದೇವಿಯ ಹೆಸರು ಉಳಿದದ್ದು ಗುಡಿಗೆ, ಕಲಿಯುವವರಿಗೆ ಬಿಟ್ಟ ದತ್ತಿಯ ಶಾಸನಗಳಲ್ಲಿ, ಊರವರ ಕಣ್ಣೆದುರು. ಆಕೆಗಿಂತ ಹಿಂದೆ, 950ರಲ್ಲಿ, ಹತ್ತಿರದ ನರೇಗಲ್ಲಿನಲ್ಲಿ ಗಂಗ ಬೂತುಗನ ರಾಣಿ ಪದ್ಮಬ್ಬರಸಿ ಬಸದಿ ಕಟ್ಟಿಸಿದ್ದಳು. ಈ ಭಾಗದ ಶಿಲ್ಪವನ್ನು ಬೆಳೆಸಿದವರಲ್ಲಿ ಹೆಂಗಸರ ಪಾಲು ದೊಡ್ಡದು; ಕಲೆಯ ಚರಿತ್ರೆ ಬರೆಯುವವರು ಅದನ್ನು ಅಡಿಟಿಪ್ಪಣಿಗೆ ತಳ್ಳಬಾರದು.

ಈ ಪರಂಪರೆಯನ್ನು ಪ್ರೀತಿಸುವವನಾಗಿ ಅದರ ದೌರ್ಬಲ್ಯವನ್ನೂ ಹೇಳಬೇಕು. ಗಜೇಂದ್ರಗಡದ ಬೆಟ್ಟಸಾಲಿನ ಮರಳುಗಲ್ಲು ಒರಟು, ಅದು ಉಳಿಗೆ ಮಿತಿ ಹಾಕುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಶಿಲ್ಪಿಗಳು ಬಳಪದ ಕಲ್ಲಿಗೆ ಹೊರಳಿದರು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಅದನ್ನು ತಿರುಗಣೆಗೆ ಕೊಟ್ಟು ಕಂಬ ಕಡೆದರು. ಲಕ್ಕುಂಡಿಯ ಕಂಬಗಳ ಹೊಳಪು ಇವತ್ತಿಗೂ ಮುಖ ತೋರಿಸುತ್ತದೆ. ಆದರೆ ಕಲ್ಲು ಹೇಳಿದಂತೆ ಕೇಳತೊಡಗಿದಾಗ ಕೈ ಎಲ್ಲಿ ನಿಲ್ಲಬೇಕೆಂಬುದನ್ನು ಮರೆಯಿತು. ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದಲ್ಲಿ ಪಟ್ಟಿಯ ಪಕ್ಕ ಪಟ್ಟಿ, ಬಳ್ಳಿಯೊಳಗೆ ಬಳ್ಳಿ. ಅಲ್ಲಿನ ಕುಸುರಿಗೆ ಬೆರಗಾಗದವರಿಲ್ಲ, ನಾನೂ ಬೆರಗಾದವನೇ. ಆದರೂ ಅಲ್ಲಿ ಕೀರ್ತಿಮುಖ ನೂರು ಅಲಂಕಾರಗಳಲ್ಲಿ ಒಂದಾಗಿ ತನ್ನ ಹಸಿವು ಕಳೆದುಕೊಳ್ಳುತ್ತದೆ. 1112ರ ಇಟಗಿಯ ಮಹಾದೇವ ಗುಡಿ ಶಾಸನದಲ್ಲಿ 'ದೇವಾಲಯ ಚಕ್ರವರ್ತಿ' ಎನಿಸಿಕೊಂಡಿದೆ, ಆ ಬಿರುದಿಗೆ ತಕ್ಕದ್ದೂ ಹೌದು. ಹಾಗಿದ್ದರೂ ಆಕಾರ ಮತ್ತು ಕುಸುರಿ ಒಂದನ್ನೊಂದು ಮೀರದೆ ನಿಂತ ಗಳಿಗೆ ಯಾವುದು ಎಂದು ಕೇಳಿದರೆ ನಾನು ಸೂಡಿಯನ್ನು ಹೆಸರಿಸುತ್ತೇನೆ.

ಇನ್ನು ಇವನ್ನು ಉಳಿಸಿಕೊಳ್ಳುವ ಮಾತು. ಚೀನಾದ ಪಿಂಗಾಣಿ ನೋಡಬೇಕೆಂದರೆ ನಮ್ಮವರು ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. ಗಾಜಿನ ಕಪಾಟು, ಹೆಸರುಫಲಕ ಎಲ್ಲ ಅಲ್ಲಿವೆ. ರೋಣ ತಾಲ್ಲೂಕಿನ ಹಳ್ಳಿಗಳಲ್ಲಿ ಬಿಡಿ ಬಿಡಿಯಾಗಿ ಬಿದ್ದಿರುವ ವೀರಗಲ್ಲು, ನಾಗಶಿಲೆ, ತುಂಡಾದ ತೋರಣಗಳಿಗೆ ಆ ಭಾಗ್ಯ ಬಂದಿಲ್ಲ. ಈಚೆಗೆ ಲಕ್ಕುಂಡಿಯಲ್ಲಿ ಮನೆಯಂಗಳ, ಗೋಡೆ, ಬಾವಿಕಟ್ಟೆಗಳಲ್ಲಿ ಸೇರಿಹೋಗಿದ್ದ ಪ್ರಾಚ್ಯ ಅವಶೇಷಗಳನ್ನು ಊರವರಿಂದಲೇ ಸಂಗ್ರಹಿಸುವ ಕೆಲಸ ನಡೆಯಿತು, ಉತ್ಖನನವೂ ಶುರುವಾಯಿತು. ಸೂಡಿ, ನರೇಗಲ್ಲು, ರೋಣ, ಮತ್ತು ರಾಷ್ಟ್ರಕೂಟರ ದಂಡನಾಯಕ ಬಂಕೆಯನ ಕೋರಿಕೆಯ ಮೇಲೆ 860ರಲ್ಲಿ ಕೊಟ್ಟ ದತ್ತಿಯನ್ನು ಹೇಳುವ ಶಾಸನ ಸಿಕ್ಕ ನರಗುಂದ ತಾಲ್ಲೂಕಿನ ಕೊಣ್ಣೂರುಗಳಿಗೂ ಅದೇ ಕೆಲಸ ಬರಬೇಕು. ಬರುವಾಗ ಒಂದು ಎಚ್ಚರ ಇರಲಿ: ಕಿತ್ತು ತಂದ ಕೀರ್ತಿಮುಖವನ್ನು ಬಿಡಿಯಾಗಿ ಪೀಠದ ಮೇಲಿಟ್ಟು 'ಅಲಂಕಾರ ಶಿಲ್ಪ' ಎಂದು ಬರೆದರೆ ಸಾಲದು. ಅದು ಯಾವ ತೋರಣದ ನೆತ್ತಿಯಲ್ಲಿತ್ತು, ಅದರ ಎಡಬಲದ ಮಕರಗಳು ಈಗ ಯಾರ ಹಿತ್ತಲಲ್ಲಿವೆ ಎಂಬುದನ್ನು ಹುಡುಕಿ ಜೊತೆಗಿಡಬೇಕು.