ಸರ್ಕಲ್ಲಿನ ಬೆಳಕು, ಗಲ್ಲಿಯ ಕತ್ತಲು

ನಮ್ಮೂರಿನ ಸರ್ಕಲ್ಲಿಗೆ ಹೈಮಾಸ್ಟ್ ದೀಪ ಬಂದ ಸಂಜೆ ನಾನೂ ಹೋಗಿದ್ದೆ. ಶಾಮಿಯಾನ, ಮೈಕು, ಹಾರ ಎಲ್ಲವೂ ಇತ್ತು. ಈ ದೀಪ ಮಹಿಳೆಯರ ರಕ್ಷಣೆಗಾಗಿ ಎಂದು ಭಾಷಣ ಮಾಡಿದವರೆಲ್ಲ ಹೇಳಿದರು. ಅದಕ್ಕೇ ಇರಬೇಕು, ನಮ್ಮನ್ನು ಮುಂದಿನ ಕುರ್ಚಿಗಳಲ್ಲಿ ಕೂರಿಸಿದ್ದರು. ಗುಂಡಿ ಒತ್ತಿದ ಕೂಡಲೇ ಹಗಲಿನಂಥ ಬೆಳಕು. ನಾವೂ ಚಪ್ಪಾಳೆ ತಟ್ಟಿದೆವು. ಸಮಾರಂಭ ಮುಗಿಸಿ ನಮ್ಮ ಗಲ್ಲಿಗೆ ತಿರುಗಿದರೆ ಕಾಲ ಕೆಳಗಿನ ಕಲ್ಲೂ ಕಾಣಲಿಲ್ಲ. ಅಷ್ಟು ಬೆಳಕು ನೋಡಿ ಬಂದ ಕಣ್ಣಿಗೆ ಮಾಮೂಲಿ ಕತ್ತಲೂ ಇಮ್ಮಡಿಯಾಗುತ್ತದೆ. ಪಕ್ಕದ ಮನೆಯಾಕೆ ನನ್ನ ಕೈ ಹಿಡಿದುಕೊಂಡು, "ಅಕ್ಕಾ, ದೀಪ ನಮಗೇ ಅಂದ್ರಲ್ಲ, ನಾವೇನು ಸರ್ಕಲ್ಲಲ್ಲಿ ಮಲಗ್ತೀವಾ?" ಎಂದಳು.

ಊರಿನ ಹೆಸರು ಹೇಳುವುದಿಲ್ಲ. ಟೀಚರ್ ಕೆಲಸದಲ್ಲಿ ವರ್ಗವಾಗುತ್ತ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ಕಡೆ ಬಾಡಿಗೆ ಮನೆ ಹಿಡಿದು ಬಾಳಿದವಳು ನಾನು. ಹೆಸರು ಹೇಳಿದರೆ ಒಂದೂರಿನವರಿಗೆ ಕೋಪ, ಮೂರೂರಿನವರಿಗೆ ಸಮಾಧಾನ. ಎರಡೂ ಬೇಡ.

ದೀಪ ಬೇಡವೆಂದು ನಾನು ಹೇಳುತ್ತಿಲ್ಲ. ಸರ್ಕಲ್ಲಿನಲ್ಲಿ ಬೆಳಕಿದ್ದರೆ ಬಸ್ಸಿಗೆ ಕಾಯುವವರಿಗೆ ಧೈರ್ಯ. ಕ್ಯಾಮೆರಾ ಇದ್ದರೆ ಸರ ಕಿತ್ತವನನ್ನು ಆಮೇಲೆ ಹುಡುಕಬಹುದು. ಆದರೆ ಆ 'ಆಮೇಲೆ' ಎನ್ನುವುದು ಸರ ಹೋದ ಮೇಲಿನ ಮಾತು. ನನ್ನ ತಕರಾರು ಬೇರೆ. ರಕ್ಷಣೆ ಎಂದರೆ ಊರಿನ ನಡುಮಧ್ಯದಲ್ಲಿ ನೆಡುವ ವಸ್ತು ಎಂದು ನಮ್ಮ ಸಭೆಗಳು ತಿಳಿದಿವೆ. ಹೆಂಗಸಿಗೆ ಅದು ಮನೆ ಬಾಗಿಲವರೆಗಿನ ದಾರಿ.

ಮಾಲೂರನ್ನೇ ನೋಡಿ. ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ರೈಲಿನಲ್ಲಿ ಕತ್ತಲಾದ ಮೇಲೆ ಬಂದು ಇಳಿಯುತ್ತಾರೆ. ರೈಲಿನಲ್ಲಿ ಹತ್ತಾರು ಜನ ಜೊತೆಗಿರುತ್ತಾರೆ, ಸ್ಟೇಷನ್ ಬಿಟ್ಟ ಮೇಲೆ ತಾನೇ ಅವಳು ಒಬ್ಬಳಾಗುವುದು? ಮುಳಬಾಗಿಲಿನಲ್ಲಿ ಹೆದ್ದಾರಿ ಬದಿಗೆ ಇಳಿದವಳ ಚಿಂತೆ ಊರೊಳಗೆ ಹೇಗೆ ಹೋಗಲಿ ಎಂಬುದು. ಶ್ರೀನಿವಾಸಪುರದಲ್ಲಿ ಮಾವಿನ ಕಾಲ ಬಂದರೆ ಊರಿಗೆ ರಾತ್ರಿಯೇ ಇಲ್ಲ, ಲಾರಿಗಳ ಸಾಲು. ಮಂಡಿ ಕೆಲಸ ಮುಗಿಸಿದ ಹೆಂಗಸರು ಮನೆ ಸೇರುವ ಹೊತ್ತು ಯಾವ ಗಡಿಯಾರಕ್ಕೂ ಸಿಗದು. ಕೋಲಾರದಲ್ಲಂತೂ ಹೆಸರಿನಲ್ಲೇ ದೀಪವಿರುವ ವೃತ್ತವಿದೆ, ಡೂಂ ಲೈಟ್ ಸರ್ಕಲ್. ಅಲ್ಲಿಂದ ಮುಂದಕ್ಕೆ ಕವಲೊಡೆಯುವ ಗಲ್ಲಿಗಳಿಗೆ ದೀಪದ ಹೆಸರಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಟಿಕೆಟ್ಟಿನ ಚಿಂತೆ ತಪ್ಪಿತು. ಬಸ್ಸಿಳಿದ ಮೇಲಿನ ಇನ್ನೂರು ಹೆಜ್ಜೆಯ ಚಿಂತೆ ಹಾಗೆಯೇ ಉಳಿಯಿತು.

ನಮ್ಮದೇನು ಬೆಳಕು ಕಾಣದ ಜಿಲ್ಲೆಯೇ? ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹರಿದು ಬಂದದ್ದು ನಮ್ಮ ಕೋಲಾರದ ಚಿನ್ನದ ಗಣಿಗೆ, ಸುಮಾರು 147 ಕಿಲೋಮೀಟರು ದೂರದಿಂದ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಚಿನ್ನ ತೆಗೆಯಲು ಬೇಕಾದಾಗ ಅಷ್ಟು ದೂರ ತಂತಿ ಎಳೆಯುವುದು ಸಾಧ್ಯವಾಯಿತು. ದೀಪದ ಬುಡದಲ್ಲಿ ಕತ್ತಲು ಎನ್ನುವ ಗಾದೆಯನ್ನು ನಮ್ಮ ಜಿಲ್ಲೆಯವರೇ ಕಟ್ಟಿರಬೇಕು ಎಂದು ನಾನು ತಮಾಷೆ ಮಾಡುವುದುಂಟು.

ಬೀದಿದೀಪ ಹಾಕುವುದು ಉಪಕಾರವೇನಲ್ಲ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಅದನ್ನು ಕಡ್ಡಾಯ ಕರ್ತವ್ಯಗಳ ಪಟ್ಟಿಯಲ್ಲಿ ಇಟ್ಟಿದೆ, ಸಾರ್ವಜನಿಕ ಶೌಚಾಲಯವನ್ನೂ ಅದರಲ್ಲೇ ಸೇರಿಸಿದೆ. ದೊಡ್ಡ ಯೋಜನೆಗಳ ದೊಡ್ಡ ಹಣಕ್ಕೆ ನಾವು ಕಾಯುವಂತಿಲ್ಲ. ಕೇಂದ್ರ ಸರ್ಕಾರ 2013ರಲ್ಲಿ ನಿರ್ಭಯಾ ನಿಧಿ ಸ್ಥಾಪಿಸಿತು. ಅದರ ಸೇಫ್ ಸಿಟಿ ಯೋಜನೆಗೆ ಆರಿಸಿದ್ದು ದೇಶದ ಎಂಟು ಮಹಾನಗರಗಳನ್ನು, ನಮ್ಮ ರಾಜ್ಯದಿಂದ ಬೆಂಗಳೂರೊಂದನ್ನೇ. ಸಣ್ಣ ಊರಿನ ಹೆಣ್ಣಿಗೆ ಭಯವೂ ಸಣ್ಣದು ಎಂದುಕೊಂಡರೋ ಏನೋ.

ಇನ್ನೊಂದು ಸಂಗತಿ. ಸರ್ಕಲ್ಲನ್ನು ಚೆಂದಗಾಣಿಸುವಾಗ ನಮ್ಮ ಗಲ್ಲಿಯ ತಿರುವಿನಲ್ಲಿ ಕನಕಾಂಬರ, ಮಲ್ಲಿಗೆ ಮಾರುತ್ತಿದ್ದ ಅಜ್ಜಿಯನ್ನು ಒತ್ತುವರಿ ಎಂದು ಎಬ್ಬಿಸಿದರು. ಅಜ್ಜಿ ರಾತ್ರಿ ಒಂಬತ್ತರವರೆಗೆ ಒಂದು ಬ್ಯಾಟರಿ ದೀಪ ಇಟ್ಟುಕೊಂಡು ಕೂರುತ್ತಿದ್ದಳು. ಯಾವ ಮನೆಯ ಹುಡುಗಿ ಇನ್ನೂ ಬಂದಿಲ್ಲ, ಯಾವ ಹುಡುಗ ಸುಮ್ಮನೆ ನಿಂತಿದ್ದಾನೆ, ಅವಳಿಗೆ ಗೊತ್ತಿಲ್ಲದ್ದು ಇರಲಿಲ್ಲ. "ಯಾವೋನೋ ನೀನು, ಯಾರ ಮನೇವ್ನು?" ಎಂದು ಅವಳು ಒಮ್ಮೆ ಕೇಳಿದರೆ ಸಾಕಿತ್ತು. ಬೀದಿಯ ಮೇಲೆ ಕಣ್ಣುಗಳಿರಬೇಕು ಎಂದು ಅಮೆರಿಕದ ಜೇನ್ ಜೇಕಬ್ಸ್ ಎಂಬ ಮಹಿಳೆ 1961ರಲ್ಲೇ ಬರೆದರಂತೆ. ನಮ್ಮಲ್ಲಿ ಅಂಥ ಕಣ್ಣನ್ನು ತೆಗೆದು ಕಂಬದ ಮೇಲೆ ಕ್ಯಾಮೆರಾ ಇಟ್ಟೆವು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇಂಥವರ ಹೊಟ್ಟೆಪಾಡನ್ನು ಕಾಪಾಡಲೆಂದೇ ಬಂದದ್ದು. ಅಜ್ಜಿಗೆ ಅದನ್ನು ಓದಿ ಹೇಳಿದವರು ಯಾರೂ ಇರಲಿಲ್ಲ. ಓದು ಬಲ್ಲ ನಾನೂ ಹೇಳಲಿಲ್ಲ.

ಈಗ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ನಮ್ಮ ಗಲ್ಲಿಯ ಕೊನೆ ಮನೆಯ ಹುಡುಗಿ ಸಂಜೆಯ ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದಳು. ಮುಗಿಯುವಾಗ ಎಂಟು ಗಂಟೆ. ಮೂರು ವಾರ ಅವಳ ಅಪ್ಪ ಕರೆತಂದರು. ಅಂಗಡಿ ಬಿಟ್ಟು ಬರಲಾಗದೆ ನಾಲ್ಕನೇ ವಾರ ಅವಳೊಬ್ಬಳೇ ಬಂದಳು. ಅಂದೇ ಯಾರೋ ಬೈಕಿನ ಲೈಟು ಆರಿಸಿಕೊಂಡು ಗಲ್ಲಿಯುದ್ದಕ್ಕೂ ಹಿಂಬಾಲಿಸಿದರು. ಏನೂ ಆಗಲಿಲ್ಲ. ಮಾರನೆಯ ದಿನ ಅವಳ ತಾಯಿ ನನ್ನ ಹತ್ತಿರ ಬಂದು, "ಟೀಚರ್, ಏನ್ಮಾಡೋಣ?" ಎಂದು ಕೇಳಿದರು. ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಓದಿ ಎಂದು ಹೇಳಿಕೊಂಡು ಬಂದ ನಾನು, "ಬಿಡಿಸಿಬಿಡಮ್ಮ, ಯಾಕೆ ಬೇಕು" ಎಂದುಬಿಟ್ಟೆ. ಕಟ್ಟಿದ ಫೀಸು ಹೋಯಿತು, ಕಲಿಕೆಯೂ ನಿಂತಿತು. ಇದು ಯಾವ ಠಾಣೆಯ ಪುಸ್ತಕದಲ್ಲೂ ಇಲ್ಲ. ಕತ್ತಲೆಗೆ ನಾವು ಹೀಗೆ ಕಟ್ಟುವ ದಂಡವನ್ನು ಯಾರೂ ಲೆಕ್ಕವಿಡುವುದಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅರ್ಜಿ ಬರೆದೆ. ಒಂದಲ್ಲ, ಮೂರು. ಒಬ್ಬರು ತಂತಿ ನಮ್ಮದಲ್ಲ ಎಂದರು, ಇನ್ನೊಬ್ಬರು ಬಲ್ಬು ನಮ್ಮದಲ್ಲ ಎಂದರು. ಕತ್ತಲು ಮಾತ್ರ ನಮ್ಮದೇ ಆಯಿತು. ಕೊನೆಗೆ ವಾರ್ಡಿನ ಸದಸ್ಯೆಯ ನೆನಪಾಯಿತು. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದ ಮೇಲೆ ಊರಿನ ಸಭೆಗಳಲ್ಲಿ ಮೂರನೇ ಒಂದಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ನಮ್ಮದಲ್ಲವೇ? ಅವರಿಗೆ ಅರ್ಜಿ ಕೊಡಲಿಲ್ಲ. "ರಾತ್ರಿ ಎಂಟಕ್ಕೆ ಮನೆಗೆ ಕಾಫಿಗೆ ಬನ್ನಿ, ಸರ್ಕಲ್ಲಿನಿಂದ ನಡೆದೇ ಬನ್ನಿ" ಎಂದು ಕರೆದೆ.

ಬಂದರು. ಗಂಡನ ಸ್ಕೂಟರಿನ ಹಿಂದೆ ಕೂತು ಬಂದರು. ನಡೆದು ಬರಲು ಮನೆಯಲ್ಲಿ ಬಿಡಲಿಲ್ಲವಂತೆ. ಅವರನ್ನು ನೋಡಿ ನನ್ನ ಸಿಟ್ಟೆಲ್ಲ ಇಳಿಯಿತು. ಕಾಫಿ ಕುಡಿದ ಮೇಲೆ ಇಬ್ಬರೂ ಸೆರಗು ಸಿಕ್ಕಿಸಿಕೊಂಡು ಸರ್ಕಲ್ಲಿನವರೆಗೆ ನಡೆದೆವು. ಪಕ್ಕದ ಮನೆಯಾಕೆಯೂ ಸೇರಿದಳು. ಹನ್ನೊಂದು ಕಂಬ ಎಣಿಸಿದೆವು, ಉರಿಯುತ್ತಿದ್ದದ್ದು ನಾಲ್ಕು. ಸದಸ್ಯೆ ಅದನ್ನು ಕೈಯಲ್ಲೇ ಚೀಟಿಯಲ್ಲಿ ಬರೆದುಕೊಂಡರು.

ತಿಂಗಳೊಳಗೆ ಇನ್ನು ಐದು ದೀಪ ಹೊತ್ತಿಕೊಂಡವು. ಎರಡು ಬಾಕಿ ಇವೆ. ಹೂವಿನ ಅಜ್ಜಿ ವಾಪಸು ಬಂದಿಲ್ಲ. ಕಂಪ್ಯೂಟರ್ ಕ್ಲಾಸಿನ ಹೊಸ ತಂಡ ಮುಂದಿನ ತಿಂಗಳು ಶುರುವಾಗುತ್ತದಂತೆ. ಬಿಡಿಸಿಬಿಡು ಎಂದವಳು ನಾನು. ಸೇರಿಸಮ್ಮ ಎಂದು ಹೋಗಿ ಹೇಳಬೇಕಾದವಳೂ ನಾನೇ. ಅವಳು ಬರುವ ಹೊತ್ತಿಗೆ ಜಗುಲಿಯ ದೀಪ ಹಾಕಿಕೊಂಡು ಕೂತಿರುತ್ತೇನೆ ಎಂದೂ ಹೇಳಬೇಕು.