‘ಕಲಾಸವರ್ಣ’ದ ಗುಣದೋಷಗಳು
(ಭಾಗಾಕಾರ ಮತ್ತು ಭಿನ್ನರಾಶಿಗಳನ್ನು ಕುರಿತು ಒಂದು ವಿಮರ್ಶೆ)

ಗಣಿತಗ್ರಂಥವನ್ನು ವಿಮರ್ಶೆಯ ಒರೆಗಲ್ಲಿಗೆ ಹಚ್ಚುವುದು ತರವೇ ಎಂದು ಕೆಲವರು ಕೇಳಬಹುದು. ಪದ್ಯದಲ್ಲಿ ಬರೆದು ಕಂಠಪಾಠಕ್ಕೆ ಒಪ್ಪಿಸಿದ ಶಾಸ್ತ್ರವು ಯಾವುದನ್ನು ಹೇಳುತ್ತದೆ, ಯಾವುದನ್ನು ಹೇಳದೆ ಬಿಡುತ್ತದೆ ಎಂಬುದು ದಿನವೂ ಕರಿಹಲಗೆಯ ಮುಂದೆ ನಿಲ್ಲುವವರಿಗೆ ಅಲ್ಪ ವಿಚಾರವಲ್ಲ. ಆದ್ದರಿಂದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ವನ್ನು ಉಪಾಧ್ಯಾಯರ ದೃಷ್ಟಿಯಿಂದ ನೋಡಲು ಇಲ್ಲಿ ಯತ್ನಿಸಿದ್ದೇವೆ.

ಈ ಗ್ರಂಥ ಕ್ರಿ.ಶ. ೮೫೦ರ ಸುಮಾರಿನದು, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನನ್ನು ಆಚಾರ್ಯರು ಆರಂಭದಲ್ಲಿಯೇ ಕೊಂಡಾಡಿದ್ದಾರೆ. ಭಾಷೆ ಸಂಸ್ಕೃತವಾದರೂ ನೆಲ ಕನ್ನಡದ್ದು. ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ರಚಿಸಿದನು. ೧೯೧೨ರಲ್ಲಿ ಎಂ. ರಂಗಾಚಾರ್ಯರು ಮೂಲವನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ಭಾಷೆಯ ಗಡಿಯು ಲೆಕ್ಕಕ್ಕೆ ಎಂದೂ ಅಡ್ಡಿಯಾಗಲಿಲ್ಲವೆಂಬುದಕ್ಕೆ ಇಷ್ಟೇ ಸಾಕು.

ಮೊದಲು ಗುಣವನ್ನು ಹೇಳುವೆವು. ಭಿನ್ನರಾಶಿಗಳಿಗೆ ಮೀಸಲಾದ ‘ಕಲಾಸವರ್ಣ’ ಅಧ್ಯಾಯದಲ್ಲಿ ಒಂದನ್ನು ಏಕಾಂಶ ಭಿನ್ನಗಳ ಮೊತ್ತವಾಗಿ ಬರೆಯುವ ಸೂತ್ರವಿದೆ. ಒಂದರಿಂದ ತೊಡಗಿ ಮೂರರಿಂದ ಗುಣಿಸುತ್ತ ಹೋಗಬೇಕು: ೧, ೩, ೯, ೨೭. ಮೊದಲನೆಯದನ್ನು ೨ರಿಂದಲೂ ಕಡೆಯದನ್ನು ೨/೩ರಿಂದಲೂ ಗುಣಿಸಿದರೆ ಛೇದಗಳು ೨, ೩, ೯, ೧೮ ಎಂದಾಗುತ್ತವೆ. ಹದಿನೆಂಟು ತೆಂಗಿನಕಾಯಿಗಳನ್ನು ಮಕ್ಕಳ ಮುಂದಿಟ್ಟು ಅರ್ಧ, ಮೂರನೆಯ ಒಂದು, ಒಂಬತ್ತನೆಯ ಒಂದು, ಹದಿನೆಂಟನೆಯ ಒಂದು ಭಾಗಗಳನ್ನು ತೆಗೆಯಿಸಿರಿ: ೯, ೬, ೨, ೧. ಒಂದೂ ಉಳಿಯದು. ಛೇದಗಳನ್ನು ಸಮಮಾಡುವುದಕ್ಕೆ ಬೇಕಾದ ಲಘುತಮ ಸಾಮಾನ್ಯ ಅಪವರ್ತ್ಯವನ್ನು ‘ನಿರುದ್ಧ’ವೆಂಬ ಹೆಸರಿನಿಂದ ಆಚಾರ್ಯರು ವಿವರಿಸಿದ್ದಾರೆ. ಈ ಹದಿನೆಂಟೇ ಇಲ್ಲಿಯ ನಿರುದ್ಧ. ಒಣ ವಿಷಯದಲ್ಲಿ ಇಂಥ ವಿನೋದವನ್ನು ಹುಟ್ಟಿಸಿದುದು ಸಾಮಾನ್ಯ ಸಾಧನೆಯಲ್ಲ.

ಇನ್ನು ಕೊರತೆ. ಭಿನ್ನದಿಂದ ಭಾಗಿಸುವಾಗ ಭಾಜಕದ ಛೇದವನ್ನು ಅಂಶವಾಗಿ ಮಾಡಿಕೊಂಡು ಗುಣಿಸಬೇಕೆಂದು ಸೂತ್ರ ವಿಧಿಸುತ್ತದೆ. ಏಕೆ ಎಂದು ಹೇಳುವುದಿಲ್ಲ. ಕಾರಣವನ್ನು ಗುರುಮುಖಕ್ಕೆ ಬಿಡುವುದು ಸೂತ್ರಗ್ರಂಥಗಳ ಸಂಪ್ರದಾಯ. ಆದರೆ ಗುರುವೂ ಸೂತ್ರವನ್ನೇ ಒಪ್ಪಿಸಿ ಸುಮ್ಮನಾದರೆ ಶಿಷ್ಯನ ಗತಿಯೇನು? ‘ಭಾಗ’ವೆಂದೊಡನೆ ಮಗುವಿನ ಮನಸ್ಸಿನಲ್ಲಿ ಮೂಡುವುದು ಹಂಚಿಕೆ. ಹಂಚಿದರೆ ಕಡಮೆಯಾಗಬೇಕು. ಮೂರನ್ನು ಕಾಲರಿಂದ ಭಾಗಿಸಿದರೆ ಹನ್ನೆರಡು ಹೇಗೆ ಬಂದೀತು ಎಂದು ಅದು ಬೆರಗಾಗುವುದು ದಡ್ಡತನವಲ್ಲ, ವಿವೇಕ.

ಭಾಗಾಕಾರಕ್ಕೆ ಅಳತೆಯೆಂಬ ಇನ್ನೊಂದು ಅರ್ಥವಿದೆ. ಸೇರಿಗೆ ನಾಲ್ಕು ಪಾವು. ಮೂರು ಸೇರು ಅಕ್ಕಿಯನ್ನು ಪಾವಿನಿಂದ ಅಳೆದರೆ ಹನ್ನೆರಡು ಸಲ ಆಗುತ್ತದೆ. ಅಂದರೆ ೩ × ೪. ಅದೇ ಅಕ್ಕಿಯನ್ನು ಮೂರು ಪಾವು ಹಿಡಿಯುವ ಮುಕ್ಕಾಲು ಸೇರಿನ ಪಾತ್ರೆಯಿಂದ ಅಳೆದರೆ ಸಲಗಳು ಮೂರರಲ್ಲಿ ಒಂದಕ್ಕೆ ಇಳಿದು ನಾಲ್ಕಾಗುತ್ತವೆ. ಅಂದರೆ ೩ × ೪/೩. ೩/೪ ತಲೆಕೆಳಗಾದ ಮರ್ಮ ಇದು: ಛೇದದಿಂದ ಗುಣಿಸಿದೆವು, ಅಂಶದಿಂದ ಭಾಗಿಸಿದೆವು. ಸೂತ್ರಕ್ಕೆ ಅಡುಗೆಮನೆಯೇ ಸಾಕ್ಷಿ ನುಡಿಯಿತು.

ಶೂನ್ಯದ ವಿಷಯದಲ್ಲಂತೂ ಆಚಾರ್ಯರು ಎಡವಿದ್ದಾರೆ. ಶೂನ್ಯದಿಂದ ಗುಣಿಸಿದ ರಾಶಿ ಶೂನ್ಯವೆಂದೂ, ಶೂನ್ಯದಿಂದ ಭಾಗಿಸಿದ ರಾಶಿ ಅವಿಕಾರಿಯೆಂದೂ ಅವರ ಮತ. ಹಾಗಾದರೆ ಆರನ್ನು ಶೂನ್ಯದಿಂದ ಭಾಗಿಸಿದಾಗ ಆರೇ ಉಳಿಯಬೇಕು. ಆ ಆರನ್ನು ಶೂನ್ಯದಿಂದ ಗುಣಿಸಿ ತಾಳೆ ನೋಡಿದರೆ ಬರುವುದು ಶೂನ್ಯ, ಆರಲ್ಲ. ಅವರ ಮಾತನ್ನು ಅವರ ಮಾತೇ ಅಲ್ಲಗಳೆಯುತ್ತದೆ. ಪಡೆಯುವವರಿಲ್ಲದಿದ್ದರೆ ರಾಶಿ ಇದ್ದಂತೆಯೇ ಇರುವುದೆಂದು ಅವರೂ ಹಂಚಿಕೆಯ ಚಿತ್ರಕ್ಕೇ ಕಟ್ಟುಬಿದ್ದಿರಬಹುದೆಂದು ನಮಗೆ ತೋರುತ್ತದೆ. ಮಹಾಪಂಡಿತರನ್ನೇ ಎಡವಿಸಿದ ಕಲ್ಲು ಎಳೆಯ ಮಕ್ಕಳ ಕಾಲಿಗೆ ತಾಗುವುದರಲ್ಲಿ ಆಶ್ಚರ್ಯವೇನಿದೆ?

ಗಡಿನಾಡಿನ ಉಪಾಧ್ಯಾಯರಿಗೆ ಇಲ್ಲಿ ಒಂದು ವಿಶೇಷ ಅನುಕೂಲವಿದೆ. ಕಾಲು, ಅರೆ, ಮುಕ್ಕಾಲುಗಳು ಅಲ್ಪಸ್ವಲ್ಪ ಭೇದದಿಂದ ತಮಿಳು, ಮಲಯಾಳಗಳಲ್ಲಿಯೂ ಇವೆ; ಹದಿನಾರನೆಯ ಒಂದು ಭಾಗವಾದ ವೀಸ ತೆಲುಗಿಗೂ ಪರಿಚಿತ. ಸೊಲ್ಲಾಪುರ, ಜತ್ತದ ಕಡೆ ಸವ್ವಾ, ದೀಡ, ಅಡೀಚ ಎಂಬ ಮಾತುಗಳು ಸಂತೆಯಲ್ಲಿ ಸಹಜವಾಗಿ ಕಿವಿಗೆ ಬೀಳುತ್ತವೆ. ೧೯೫೭ರ ಏಪ್ರಿಲ್ ೧ರಂದು ದಶಮಾಂಶ ನಾಣ್ಯ ಬಂದ ಮೇಲೆ ಹದಿನಾರಾಣೆಯ ಲೆಕ್ಕ ಹಿಂದೆ ಸರಿಯಿತು; ಅದರೊಡನೆ ಕಾಲು, ವೀಸಗಳ ಮಗ್ಗಿಯೂ ಮಾಸಿತು. ದಶಮಾಂಶದ ಸೌಕರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ‘ದೀಡ’ ಎಂದರೆ ಎಷ್ಟೆಂದು ಬಲ್ಲ ಹುಡುಗನಿಗೆ ೩/೨ ಹೊಸತೆಂಬಂತೆ ಪಾಠ ಹೇಳುವುದು, ಮನೆಯಲ್ಲಿ ದೀಪವಿಟ್ಟುಕೊಂಡು ನೆರೆಮನೆಗೆ ಬೆಂಕಿ ಕೇಳಲು ಹೋದಂತೆ.

‘ಕಲಾಸವರ್ಣ’ವು ಕುಶಲರ ಕೃತಿ, ಅದರ ಸೂತ್ರಗಳು ಇಂದಿಗೂ ನಡೆಯುತ್ತವೆ. ಅದು ಹೇಳದೆ ಉಳಿಸಿದ ಕಾರಣವನ್ನು ಹೇಳುವುದು, ತಪ್ಪಿದಲ್ಲಿ ತಿದ್ದುವುದು, ಇವೆರಡೂ ನಮ್ಮ ಪಾಲಿಗೆ ಬಂದ ಕೆಲಸಗಳು. ‘ತಿರುಗಿಸಿ ಗುಣಿಸು’ ಎಂದು ಕರಿಹಲಗೆಯ ಮೇಲೆ ಬರೆಯುವ ಮುನ್ನ ಒಂದು ಪಾವನ್ನು ಮಗುವಿನ ಕೈಗೆ ಕೊಡೋಣ. ಹನ್ನೆರಡು ಸಲ ತಾನೇ ಅಳೆದು ಸುರಿದವನು ಆ ಸೂತ್ರವನ್ನು ಮರೆತರೂ ಮತ್ತೆ ಕಂಡುಕೊಳ್ಳಬಲ್ಲನು.