ಸ್ತ್ರೀಯರ ಆಟವೂ ನೋಟಕರೂ

ಮಲೆನಾಡಿನ ಮಾತಿನಲ್ಲಿ ‘ಆಟ’ವೆಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಮಕ್ಕಳೂ ಪ್ರಾಯದವರೂ ಬಯಲಿನಲ್ಲಿ ಆಡುವುದು ಒಂದು. ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳವನ್ನು ಕಟ್ಟಿ ಇರುಳೆಲ್ಲ ನಡೆಯಿಸುವ ಯಕ್ಷಗಾನ ಬಯಲಾಟ ಮತ್ತೊಂದು. ಬಸರೀಕಟ್ಟೆಯಂತಹ ಊರಿನಲ್ಲಿ ಹಿರಿಯರು ‘ಆಟಕ್ಕೆ ಹೋಗೋಣವೇ’ ಎಂದರೆ ಎರಡನೆಯ ಅರ್ಥವನ್ನೇ ಗ್ರಹಿಸಬೇಕು. ಈ ಎರಡನೆಯ ಆಟಕ್ಕೆ ಬಹುಕಾಲದಿಂದ ಬೆಳೆದುಬಂದ ಒಂದು ಪ್ರೇಕ್ಷಕಸಂಸ್ಕಾರವಿರುವುದು. ಭಾಗವತರ ಪದ ಎಲ್ಲಿ ಜಾರಿತು, ವೇಷಧಾರಿ ಅರ್ಥ ಹೇಳುವಾಗ ಎಲ್ಲಿ ಎಡವಿದನು ಎಂಬುದನ್ನು ಓದುಬರಹವಿಲ್ಲದ ಮುದುಕನೂ ಬೆಳಗಿನ ಜಾವದ ತೂಕಡಿಕೆಯಲ್ಲಿಯೇ ಕಂಡುಹಿಡಿಯುವನು. ಪರಂಪರೆಯಂತೆ ಸ್ತ್ರೀವೇಷವನ್ನು ಧರಿಸುವವನು ಪುರುಷ. ಆದರೆ ಅವನ ದ್ರೌಪದಿಯೋ ದಮಯಂತಿಯೋ ಸೊರಗಿದರೆ ‘ಪಾಪ, ಗಂಡಸಲ್ಲವೇ, ಇಷ್ಟಾದರೂ ಮಾಡಿದನಲ್ಲ’ ಎಂದು ಯಾವ ಪ್ರೇಕ್ಷಕನೂ ರಿಯಾಯಿತಿ ತೋರಿಸುವುದಿಲ್ಲ. ವೇಷವನ್ನು ವೇಷದ ಅಳತೆಯಿಂದಲೇ ಅಳೆಯುವನು.

ಇದೇ ಪ್ರೇಕ್ಷಕನು ಮೊದಲನೆಯ ಅರ್ಥದ ಆಟಕ್ಕೆ ಬಂದು, ಅಲ್ಲಿ ಆಡುವವರು ಸ್ತ್ರೀಯರಾದಾಗ, ತನ್ನ ಅಳತೆಗೋಲನ್ನು ಮನೆಯಲ್ಲಿಯೇ ಬಿಟ್ಟುಬರುವುದು ವಿಚಾರಯೋಗ್ಯವಾದ ಸಂಗತಿ. ಚೆನ್ನಾಗಿ ಆಡಿದರೆ ಆಶ್ಚರ್ಯ, ಆಡದಿದ್ದರೆ ಕನಿಕರ. ‘ಹೆಂಗಸರಲ್ಲವೇ, ಇಷ್ಟಾದರೂ ಆಡಿದರಲ್ಲ’ ಎಂಬ ಮಾತು ಹೊಗಳಿಕೆಯಂತೆ ಕೇಳಿಸಿದರೂ ವಾಸ್ತವವಾಗಿ ಅದು ಆಟವನ್ನು ನೋಡಲು ನಿರಾಕರಿಸಿದ ಮಾತು.

ಸ್ತ್ರೀಯರ ಕ್ರೀಡೆಗೆ ಈಚೆಗೆ ದೊರೆತಿರುವ ಜನಾದರಣೆಯ ಪ್ರಮಾಣವನ್ನು ಕುರಿತು ಈಗ ವಾದವೇ ಬೇಕಿಲ್ಲ. 2025 ರ ನವೆಂಬರ್ 2 ರಂದು ನವಿ ಮುಂಬಯಿಯ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ದಕ್ಷಿಣ ಆಫ್ರಿಕವನ್ನು 52 ಓಟಗಳಿಂದ ಸೋಲಿಸಿ ವಿಶ್ವಕಪ್ಪನ್ನು ಮೊದಲ ಸಲ ಗೆದ್ದರು. ಮಳೆಯಿಂದ ತಡವಾಗಿ ಆರಂಭವಾದ ಆ ಪಂದ್ಯವು ಮುಗಿಯುವಾಗ ನಡುವಿರುಳು. ಆದರೂ ಕ್ರೀಡಾಂಗಣ ತುಂಬಿಯೇ ಇದ್ದಿತು. ಮೊಬೈಲು ಮೊದಲಾದ ಯಂತ್ರಗಳ ಮೂಲಕ ಅದನ್ನು ನೋಡಿದವರು 18.5 ಕೋಟಿಯೆಂದು ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯು ಪ್ರಕಟಿಸಿತು. ಪುರುಷರ 2024 ರ ಟಿ20 ವಿಶ್ವಕಪ್ಪಿನ ಅಂತಿಮ ಪಂದ್ಯವನ್ನು ಅದೇ ಮಾರ್ಗವಾಗಿ ನೋಡಿದವರ ಸಂಖ್ಯೆಗೆ ಇದು ಸಮನಾದುದು. ಎಣಿಕೆಯ ಪ್ರಶ್ನೆ ಹೀಗೆ ಬಗೆಹರಿದಂತಾಯಿತು. ಆದರೆ ನೋಡಿದವರು ಯಾರು, ಅವರು ನೋಡಿದ್ದೇನನ್ನು ಎಂಬುದು ವಿಮರ್ಶೆಯ ಪ್ರಶ್ನೆ. ಅದು ಎಣಿಕೆಯಿಂದ ಬಗೆಹರಿಯತಕ್ಕುದಲ್ಲ.

ಭರತಮುನಿಯು ನಾಟ್ಯಶಾಸ್ತ್ರದ ಸಿದ್ಧಿಪ್ರಕರಣದಲ್ಲಿ ಪ್ರಯೋಗದ ಯಶಸ್ಸನ್ನು ಎರಡು ಬಗೆಯಾಗಿ ವಿಂಗಡಿಸಿರುವನು. ನಗು, ಉದ್ಗಾರ, ರೋಮಾಂಚ, ಕೋಲಾಹಲ, ಇವುಗಳಿಂದ ತಿಳಿಯುವುದು ಮಾನುಷೀ ಸಿದ್ಧಿ. ಸಭೆಯು ತುಂಬಿದ್ದೂ ಸದ್ದಿಲ್ಲದೆ, ಕ್ಷೋಭೆಯಿಲ್ಲದೆ ಪ್ರಯೋಗದಲ್ಲಿಯೇ ಮುಳುಗಿರುವುದು ದೈವಿಕೀ ಸಿದ್ಧಿ. ಪ್ರೇಕ್ಷಕನಿಗೆ ಇರಬೇಕಾದ ಗುಣಗಳನ್ನೆಲ್ಲ ಹೇಳಿ, ಅವೆಲ್ಲವೂ ಒಬ್ಬನಲ್ಲಿ ಸಿಕ್ಕವೆಂದೂ, ವಯಸ್ಸು ಸ್ವಭಾವಗಳಿಗೆ ತಕ್ಕಂತೆ ಒಬ್ಬೊಬ್ಬನು ಒಂದೊಂದನ್ನು ಮೆಚ್ಚುವನೆಂದೂ ಅವನೇ ಒಪ್ಪಿಕೊಂಡಿರುವನು. ಇಂದಿನ ಕ್ರೀಡಾಂಗಣಕ್ಕೂ ಈ ವಿವೇಚನೆ ಸಲ್ಲುವುದು. 18.5 ಕೋಟಿಯೆಂಬುದು ಮಾನುಷೀ ಸಿದ್ಧಿಯ ಗುರುತು; ಎರಡನೆಯದು ದೊರೆತಿದೆಯೇ ಎಂಬುದನ್ನು ಬೇರೆಯಾಗಿ ಪರೀಕ್ಷಿಸಬೇಕು.

ಸ್ತ್ರೀಯರ ಆಟಕ್ಕೆ ಹಿಂದೆ ನೋಟಕರೇ ಇರಲಿಲ್ಲ, ಈಗ ಹುಟ್ಟಿಕೊಂಡರು ಎಂಬ ಸಾಮಾನ್ಯ ನಂಬಿಕೆಯನ್ನು ಮೊದಲು ತಿದ್ದಬೇಕಾಗಿದೆ. ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಪಂದ್ಯವನ್ನು ಆಡಿದುದು ಕನ್ನಡನಾಡಿನಲ್ಲಿಯೇ. 1976 ರ ಅಕ್ಟೋಬರ್ 31 ರಂದು ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸಿಗೆ ಎದುರಾಗಿ ಇಳಿದ ಆ ತಂಡದ ನಾಯಕಿ ಕನ್ನಡತಿ ಶಾಂತಾ ರಂಗಸ್ವಾಮಿಯವರು. ಅದೇ ಸರಣಿಯಲ್ಲಿ ಮುಂದಿನ ತಿಂಗಳು ಪಾಟ್ನಾದಲ್ಲಿ ಭಾರತಕ್ಕೆ ಮೊದಲ ಗೆಲುವು ದೊರೆತಾಗ 25,000 ಕ್ಕೂ ಮೇಲ್ಪಟ್ಟು ಜನ ನೆರೆದಿದ್ದರೆಂದು ದಾಖಲೆಯಿದೆ. ಇಂಗ್ಲೆಂಡಿನ ಉದಾಹರಣೆ ಇನ್ನೂ ಹಳೆಯದು. 1920 ರ ಡಿಸೆಂಬರ್ 26 ರಂದು ಲಿವರ್‌ಪೂಲಿನಲ್ಲಿ, ಪ್ರೆಸ್ಟನ್ ಪಟ್ಟಣದ ಡಿಕ್, ಕೆರ್ ಕಾರ್ಖಾನೆಯ ಹೆಣ್ಣುಮಕ್ಕಳು ಆಡಿದ ಫುಟ್‌ಬಾಲ್ ಪಂದ್ಯಕ್ಕೆ ಸುಮಾರು 53,000 ಜನ ಬಂದಿದ್ದರು. ಮರುವರ್ಷ ಡಿಸೆಂಬರಿನಲ್ಲಿಯೇ ಅಲ್ಲಿಯ ಫುಟ್‌ಬಾಲ್ ಸಂಘವು ಈ ಆಟ ಸ್ತ್ರೀಯರಿಗೆ ತಕ್ಕುದಲ್ಲವೆಂದು ಹೇಳಿ, ತನಗೆ ಸೇರಿದ ಕ್ಲಬ್ಬುಗಳ ಮೈದಾನಗಳನ್ನು ಅವರಿಗೆ ಮುಚ್ಚಿತು. ಆ ಬಾಗಿಲು ಮತ್ತೆ ತೆರೆಯಲು ಅರ್ಧ ಶತಮಾನ ಬೇಕಾಯಿತು. ಇಲ್ಲಿ ನೋಟಕರು ಆಟವನ್ನು ಬಿಟ್ಟುಹೋಗಲಿಲ್ಲ. ನೋಟಕರಿಂದ ಆಟವನ್ನು ಕಿತ್ತುಕೊಳ್ಳಲಾಯಿತು.

ನಮ್ಮ ದೇಶದಲ್ಲಿ ಹೀಗೆ ಬಾಗಿಲು ಮುಚ್ಚಲಿಲ್ಲ. ತೆರೆದ ಬಾಗಿಲ ಮುಂದೆ ದೀಪವಿಡುವುದನ್ನು ಮರೆಯಲಾಯಿತು. 2014 ರ ನವೆಂಬರಿನಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಮೈದಾನದಲ್ಲಿ ಭಾರತದ ಮಹಿಳೆಯರು ದಕ್ಷಿಣ ಆಫ್ರಿಕವನ್ನು ಇನ್ನಿಂಗ್ಸ್ ಅಂತರದಿಂದ ಸೋಲಿಸಿದರು. ಆ ಬಳಿಕ ಅವರಿಗೆ ಮತ್ತೊಂದು ಟೆಸ್ಟ್ ಪಂದ್ಯ ದೊರೆತುದು 2021 ರ ಜೂನಿನಲ್ಲಿ. ಗೆದ್ದವರಿಗೆ ಆರೂವರೆ ವರ್ಷಗಳ ಮೌನವೇ ಬಹುಮಾನವಾಯಿತು. ಕಬಡ್ಡಿಯ ಕಥೆಯೂ ಹೀಗೆಯೇ. ಘಟ್ಟದ ಕೆಳಗಣ ಕಾರ್ಕಳ ಸೀಮೆಯ ಮಮತಾ ಪೂಜಾರಿಯವರು 2012 ರಲ್ಲಿ ಪಾಟ್ನಾದಲ್ಲಿ ನಡೆದ ಮಹಿಳೆಯರ ಮೊದಲ ಕಬಡ್ಡಿ ವಿಶ್ವಕಪ್ಪನ್ನು ಗೆದ್ದ ತಂಡದ ನಾಯಕಿಯಾಗಿದ್ದರು. 2014 ರಲ್ಲಿ ಅರ್ಜುನ ಪ್ರಶಸ್ತಿಗೆ ಪಾತ್ರರಾದರು. ಪುರುಷರ ಪ್ರೊ ಕಬಡ್ಡಿ ಲೀಗ್ 2014 ರಲ್ಲಿ ಆರಂಭವಾಗಿ ವರ್ಷವರ್ಷವೂ ಬೆಳೆಯಿತು. ಅದರ ಜೊತೆಗೆ 2016 ರಲ್ಲಿ ಮೂರು ತಂಡಗಳನ್ನಿಟ್ಟುಕೊಂಡು ನಡೆಯಿಸಿದ ಮಹಿಳೆಯರ ಪಂದ್ಯಾವಳಿಯು ಒಂದೇ ಋತುವಿಗೆ ನಿಂತುಹೋಯಿತು. ರಾತ್ರಿ ದೀಪ ಹಾಕಿ ಕಬಡ್ಡಿ ಆಡಿಸುವುದು ಊರೂರಿಗೂ ಹಬ್ಬವಾಗಿರುವ ಈ ಸೀಮೆಯಲ್ಲಿ ಆ ಆಟಕ್ಕೆ ರಸಿಕರಿಲ್ಲವೆಂದು ಹೇಳುವವರು ಯಾರು? ಒಂದು ಸಲ ಬಡಿಸಿ ಎಲೆ ತೆಗೆದವರು ‘ಉಣ್ಣುವವರೇ ಇಲ್ಲ’ವೆಂದು ದೂರುವುದು ನ್ಯಾಯವಲ್ಲ.

ಎಡೆಬಿಡದೆ ಬಡಿಸಿದಲ್ಲಿ ಪಂಕ್ತಿ ತಾನಾಗಿ ಕೂಡುವುದೆಂಬುದಕ್ಕೆ 2023 ರ ಮಾರ್ಚ್ 4 ರಂದು ಮೊದಲಾದ ಮಹಿಳಾ ಪ್ರೀಮಿಯರ್ ಲೀಗ್ ಸಾಕ್ಷಿ. ಆ ಮೊದಲ ವರ್ಷ ಸ್ತ್ರೀಯರಿಗೆ ಪ್ರವೇಶ ಉಚಿತವಾಗಿದ್ದಿತು. ಮರುವರ್ಷ ಪಂದ್ಯಗಳ ಪೂರ್ವಾರ್ಧ ಬೆಂಗಳೂರಿಗೆ ಬಂದಿತು. 2024 ರ ಮಾರ್ಚ್ 17 ರಂದು ದೆಹಲಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಬೆಂಗಳೂರಿನ ತಂಡವೇ ಗೆದ್ದಿತು. ಅಂದು ಕನ್ನಡತಿ ಶ್ರೇಯಾಂಕಾ ಪಾಟೀಲರು 12 ಓಟಗಳಿಗೆ 4 ಹುದ್ದರಿಗಳನ್ನು ಪಡೆದರು. ಪುರುಷರ ತಂಡದ ಹೆಸರಿಗೆ ಒಲಿದು ಬಂದವರೇ ಈ ತಂಡಕ್ಕೆ ಮೊದಲ ಪ್ರೇಕ್ಷಕರಾದರೆಂದು ಕೆಲವರು ಆಕ್ಷೇಪಿಸುವರು. ಆಕ್ಷೇಪಕ್ಕೆ ಆಧಾರವಿಲ್ಲದಿಲ್ಲ. ಆದರೆ ಹೆಸರು ಬಾಗಿಲವರೆಗೆ ಕರೆತರಬಲ್ಲುದು. ಒಳಗೆ ಕೂರಿಸಬಲ್ಲುದು ಆಟವೊಂದೇ. ಮೇಳದ ಹೆಸರಿಗೆ ಬಂದು ವೇಷಕ್ಕೆ ಮನಸೋತು ಉಳಿದವರು ಬಯಲಾಟದಲ್ಲಿಯೂ ಎಷ್ಟೋ ಮಂದಿ.

ಇನ್ನು ನೋಟದ ಗುಣವನ್ನು ಪರೀಕ್ಷಿಸುವುದಾದರೆ, ಮೂರು ಬಗೆಯ ನೋಟಕರನ್ನು ಗುರುತಿಸಬಹುದು. ವಿಜಯದ ದಿನ ಮಾತ್ರ ಬಂದು ಬಾವುಟ ಬೀಸುವವನು ಮೊದಲನೆಯವನು. ಆಡುವವಳು ಸ್ತ್ರೀಯೆಂಬುದನ್ನು ಕ್ಷಣವೂ ಮರೆಯದೆ ಮೆಚ್ಚುವ ಅಥವಾ ಮರುಗುವವನು ಎರಡನೆಯವನು. ಆಟವನ್ನೇ ನೋಡಿ, ಗುಣಕ್ಕೆ ತಲೆದೂಗಿ ದೋಷಕ್ಕೆ ಹುಬ್ಬು ಗಂಟಿಕ್ಕುವವನು ಮೂರನೆಯವನು. ಇವರ ಭೇದವನ್ನು ಈ ಜಿಲ್ಲೆಯವರೇ ಆದ ಆಟಗಾರ್ತಿಯೊಬ್ಬರ ನಿದರ್ಶನದಿಂದ ತಿಳಿಯಬಹುದು. ಕಡೂರಿನಲ್ಲಿ ಹುಟ್ಟಿದ ವೇದಾ ಕೃಷ್ಣಮೂರ್ತಿಯವರು 2017 ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿಗೆ ಎದುರಾಗಿ, ಸೋತರೆ ಹೊರಬೀಳುವಂತಿದ್ದ ಪಂದ್ಯದಲ್ಲಿ, 45 ಚೆಂಡುಗಳಲ್ಲಿ 70 ಓಟಗಳನ್ನು ಹೊಡೆದರು. ಅದೇ ಪಂದ್ಯದಲ್ಲಿ ವಿಜಯಪುರದ ರಾಜೇಶ್ವರಿ ಗಾಯಕವಾಡರು 15 ಓಟಗಳಿಗೆ 5 ಹುದ್ದರಿಗಳನ್ನು ಉರುಳಿಸಿದರು. ಜುಲೈ 23 ರಂದು ಲಾರ್ಡ್ಸ್ ಮೈದಾನದ ಅಂತಿಮ ಪಂದ್ಯದಲ್ಲಿ ಭಾರತವು 229 ರ ಗುರಿಯನ್ನು ಬೆನ್ನಟ್ಟಿ, 3 ಹುದ್ದರಿಗಳಿಗೆ 191 ಎಂಬ ಸುಸ್ಥಿತಿಯಿಂದ ಜಾರಿ, 219 ಕ್ಕೆ ಮುಗಿದು, 9 ಓಟಗಳಿಂದ ಸೋತಿತು. ವೇದಾ ಅವರು ಅಂದು 35 ಓಟ ಗಳಿಸಿ ಔಟಾದರು.

ಆ ಸೋಲಿಗೆ ದೇಶದಲ್ಲಿ ವಿಶೇಷವಾಗಿ ಕೇಳಿಬಂದುದು ಸಾಂತ್ವನದ ಮಾತು. ಸೋತರೂ ಹೃದಯಗಳನ್ನು ಗೆದ್ದರೆಂದು ಎಲ್ಲರೂ ಹೊಗಳಿದರು. ಅದು ಪ್ರೀತಿಯೇ ಸರಿ; ಅಷ್ಟು ಜನ ಅಂದು ಕಣ್ತೆರೆದುದೇ ದೊಡ್ಡ ಲಾಭ. ಆದರೆ ಗೆಲುವಿನ ಹೊಸಿಲಿನಲ್ಲಿ 28 ಓಟಗಳಿಗೆ 7 ಹುದ್ದರಿಗಳು ಹೇಗೆ ಬಿದ್ದವೆಂದು ಕೇಳಿದವರು ಕಡಮೆ. 2025 ರಲ್ಲಿ ಸ್ಥಿತಿ ಬೇರೆಯಾಗಿದ್ದಿತು. ಅದೇ ವಿಶ್ವಕಪ್ಪಿನ ನಡುವೆ ಭಾರತವು ದಕ್ಷಿಣ ಆಫ್ರಿಕ, ಆಸ್ಟ್ರೇಲಿಯ, ಇಂಗ್ಲೆಂಡುಗಳಿಗೆ ಸಾಲಾಗಿ ಸೋತಾಗ ಜನರು ಸುಮ್ಮನಿರಲಿಲ್ಲ. ಬೌಲರುಗಳ ಆಯ್ಕೆ ಸರಿಯಿಲ್ಲ, ಕೊನೆಯಲ್ಲಿ ಕೈಚೆಲ್ಲಿದರು, ನಾಯಕತ್ವ ಸಡಿಲವಾಯಿತು ಎಂದು ಮನೆಮನೆಯ ಜಗಲಿಯಲ್ಲಿ ವಾದಗಳಾದುವು. ಅವುಗಳಲ್ಲಿ ಕೆಲವು ಹದ ಮೀರಿ ನಿಂದೆಯಾದುದೂ ಉಂಟು. ನಿಂದೆಗೂ ವಿಮರ್ಶೆಗೂ ಇರುವ ಅಂತರವನ್ನು ಅರಿಯದವರು ಎಲ್ಲ ಆಟಗಳಲ್ಲಿಯೂ ಇರುವರು. ಆದರೂ ಆ ಮೂರು ಸೋಲುಗಳ ಮೇಲಣ ಮುನಿಸು, ಎಂಟು ವರ್ಷಗಳ ಹಿಂದಣ ಕಂಬನಿಗಿಂತ ಹೆಚ್ಚಿನ ಗೌರವವೆಂದು ಹೇಳಬೇಕಾಗುವುದು. ತಪ್ಪನ್ನು ತಪ್ಪೆನ್ನುವುದು ಸಮರ್ಥರೆಂದು ಒಪ್ಪಿದವರನ್ನು ಕುರಿತು ಮಾತ್ರ ಸಾಧ್ಯ. ಕಲಿಯದ ಮಗುವಿನ ತೊದಲಿಗೆ ಯಾರೂ ವ್ಯಾಕರಣ ಹಿಡಿಯುವುದಿಲ್ಲ.

ಈ ದೃಷ್ಟಿಯಿಂದ ಪತ್ರಿಕೆಗಳ ಭಾಷೆಯನ್ನೂ ಪರಿಶೀಲಿಸಬಹುದು. ‘ವನಿತೆಯರ ಗೆಲುವು’ ಎಂಬಂತಹ ತಲೆಬರಹಗಳು ಕನ್ನಡದಲ್ಲಿ ಈಗಲೂ ಕಾಣಸಿಗುವುವು. ವನಿತೆಯೆಂದರೆ ಮೂಲದಲ್ಲಿ ಪ್ರೀತಿಗೆ ಪಾತ್ರಳಾದವಳು. ಕಾವ್ಯದಲ್ಲಿ ಸೊಗಸಾದ ಈ ಪದವು ಮೈದಾನದ ಬೆವರಿಗೆ ಒಗ್ಗದು. ಕ್ರಿಕೆಟ್ ನಿಯಮಗಳನ್ನು ಕಾಯುವ ಲಂಡನ್ನಿನ ಸಂಸ್ಥೆಯು 2021 ರಲ್ಲಿ ‘ಬ್ಯಾಟ್ಸ್‌ಮನ್’ ಎಂಬುದನ್ನು ಬಿಟ್ಟು, ಸ್ತ್ರೀಪುರುಷರಿಬ್ಬರಿಗೂ ಸಲ್ಲುವ ‘ಬ್ಯಾಟರ್’ ಎಂಬ ಪದವನ್ನು ನಿಯಮಗಳಲ್ಲಿ ಅಂಗೀಕರಿಸಿತು. ಕನ್ನಡಕ್ಕಾದರೋ ಈ ಸೌಲಭ್ಯ ಕ್ರಿಯಾಪದದಲ್ಲಿ ಮೊದಲಿಂದಲೂ ಇದೆ. ‘ಹೊಡೆದನು’, ‘ಹೊಡೆದಳು’ ಎಂಬಲ್ಲಿ ಭೇದವುಂಟು. ಗೌರವದಿಂದ ‘ಹೊಡೆದರು’ ಎಂದೊಡನೆ ಭೇದವಳಿದು ಹೊಡೆತವೊಂದೇ ಉಳಿಯುವುದು. ಗೌರವ ಬಂದಲ್ಲಿ ಲಿಂಗಭೇದ ತಾನಾಗಿ ಹಿಂದೆ ಸರಿಯುವುದೆಂಬ ತತ್ತ್ವವನ್ನು ನುಡಿಯೇ ಕಲಿಸಿರುವಾಗ, ನುಡಿಯುವವರು ಅದನ್ನು ಕಲಿಯಬಾರದೇ?

ಯಾರು ನೋಡುವರೆಂಬ ಪ್ರಶ್ನೆಗೆ ಉತ್ತರ ಹೇಳುವಾಗ ಯಾರು ನೋಡುತ್ತಿಲ್ಲವೆಂಬುದನ್ನೂ ಹೇಳಲೇಬೇಕು. ಆ ನವೆಂಬರಿನ ಇರುಳು ಮಲೆನಾಡಿಗೆ ಅಡಿಕೆಯ ಕೊಯ್ಲಿನ ಕಾಲ. ಕೊಯ್ದ ಕೊನೆಗಳು ಅಂಗಳದಲ್ಲಿ ರಾಶಿ ಬಿದ್ದಿರುವಾಗ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುವರು. ಒಳಗೆ ಟೀವಿಯ ಮುಂದೆ ಗಂಡಸರೂ ಮಕ್ಕಳೂ ಕೂಗುವರು. ಕೂಗು ಕೇಳಿದಾಗ ‘ಏನಾಯಿತು’ ಎಂದು ಹೊರಗಿನಿಂದ ಒಂದು ಪ್ರಶ್ನೆ. ‘ಔಟಾಯಿತು’ ಎಂದು ಒಳಗಿನಿಂದ ಒಂದು ಉತ್ತರ. ಸ್ತ್ರೀಯರ ಆಟವನ್ನು ಸ್ತ್ರೀಯರು ಹೀಗೆ ಕಿವಿಯಿಂದ ನೋಡುವುದು ಎಷ್ಟೋ ಮನೆಗಳ ಸ್ಥಿತಿ. 2023 ರಲ್ಲಿ ಮುಂಬಯಿಯ ಕ್ರೀಡಾಂಗಣವು ಸ್ತ್ರೀಯರಿಗೆ ಚೀಟಿಯಿಲ್ಲದೆ ಬಾಗಿಲು ತೆರೆಯಿತು. ಆದರೆ ಬಿಡುವಿನ ಚೀಟಿಯನ್ನು ಕೊಡಬೇಕಾದುದು ಮನೆ. ನೋಟಕ್ಕೆ ಮೊದಲು ಬೇಕಾದುದು ಅಭಿರುಚಿಯಲ್ಲ, ಅವಕಾಶ.

ಅದಕ್ಕಿಂತ ಗುರುತರವಾದ ಮತ್ತೊಂದು ಕೊರತೆಯಿದೆ. ಶಾಲೆಗಳ ತಾಲ್ಲೂಕು ಕ್ರೀಡಾಕೂಟಗಳು ಮಳೆ ಇನ್ನೂ ಬಿಡದ ದಿನಗಳಲ್ಲಿ ನಡೆಯುವುವು. ಕೆಸರು ಮೆತ್ತಿದ ಅಂಕಣದಲ್ಲಿ ಹುಡುಗಿಯರು ಕಬಡ್ಡಿಯನ್ನೋ ಖೋಖೋವನ್ನೋ ಆಡುವಾಗ ಗೆರೆಯ ಸುತ್ತ ನಿಲ್ಲುವವರು ಉಪಾಧ್ಯಾಯರು, ಸಹಪಾಠಿಗಳು, ತಮ್ಮ ಸರದಿ ಕಾಯುವ ಎದುರಾಳಿಗಳು. ತಂದೆತಾಯಿಗಳು ವಿರಳ. ಹುಡುಗಿ ಸೀಟಿ ಕೇಳುವಷ್ಟು ಕಾಲ ಆಡುವಳು. ಹತ್ತನೆಯ ತರಗತಿ ಮುಗಿದೊಡನೆ ಎಷ್ಟೋ ಜನರ ಆಟ ಅಲ್ಲಿಗೇ ನಿಲ್ಲುವುದು. ಅವಳ ಆಟ ಒಳ್ಳೆಯದಿತ್ತೋ ಸಾಧಾರಣವಾಗಿತ್ತೋ ಎಂಬುದನ್ನು ಮನೆಯಲ್ಲಿ ಹೇಳಬಲ್ಲವರೇ ಇರುವುದಿಲ್ಲ. ನೋಡಿದವರಿಲ್ಲದುದರಿಂದ ನಿಲ್ಲಿಸಬೇಡವೆನ್ನುವವರೂ ಇಲ್ಲ. 2025 ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಭಾರತದ ಮಹಿಳೆಯರು ನೇಪಾಳವನ್ನು ಸೋಲಿಸಿದಾಗ, ಪಂದ್ಯದ ಉತ್ತಮ ಆಟಗಾರ್ತಿಯೆನಿಸಿದವರು ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ. ಹಳ್ಳಿಯ ಅಂಕಣದಿಂದ ದೆಹಲಿಯ ಅಂಕಣಕ್ಕೆ ದಾರಿಯುಂಟೆಂಬುದಕ್ಕೆ ಇದು ಪ್ರಮಾಣ. ಆದರೆ ಆ ದಾರಿಯ ಮೊದಲ ಹೆಜ್ಜೆಯಲ್ಲಿ ಯಾರೋ ನಿಂತು ನೋಡಿರಬೇಕು. ನೋಡಿ, ‘ಇವಳ ಓಟದಲ್ಲಿ ಇಂಥ ಗುಣವಿದೆ, ಇಂಥ ದೋಷವಿದೆ’ ಎಂದು ಹೇಳಿರಬೇಕು.

ಸ್ತ್ರೀಯರ ಕ್ರೀಡೆಯ ಜನಪ್ರಿಯತೆಯನ್ನು ಕುರಿತು ಈಗ ಕೇಳಿಬರುವ ಸಂಭ್ರಮವು ಅಕಾರಣವಲ್ಲ. ಆದರೆ ಕೋಟಿಗಟ್ಟಲೆ ಕಣ್ಣುಗಳು ಒಂದೇ ಇರುಳು ತೆರೆದು ಮರುದಿನ ಮುಚ್ಚಿಕೊಂಡರೆ ಅದು ಜಾತ್ರೆಯೇ ಹೊರತು ಸಂಸ್ಕಾರವಲ್ಲ. ಬಯಲಾಟದ ರಸಿಕತೆಯು ಒಂದು ರಾತ್ರಿಯಲ್ಲಿ ಹುಟ್ಟಲಿಲ್ಲ. ತಾತನ ಹೆಗಲ ಮೇಲೆ ಕುಳಿತು ಹೋದ ಮಗು ತಾನೂ ತಾತನಾಗುವವರೆಗೆ ನೋಡಿ ನೋಡಿ ಬೆಳೆದುದು ಅದು. ಅಂತಹ ನೋಟ ಈ ಆಟಕ್ಕೂ ಬೇಕು. ಮುಂದಿನ ಮಳೆಗಾಲದಲ್ಲಿ ಶಾಲೆಯ ಅಂಕಣಕ್ಕೆ ಸುಣ್ಣದ ಗೆರೆ ಎಳೆದಾಗ, ಕೊಡೆ ಹಿಡಿದ ತಂದೆಯೊಬ್ಬನು ಆ ಗೆರೆಯ ಬದಿಯಲ್ಲಿ ನಿಂತು, ಕೆಲಸದಿಂದ ಒಂದು ಹೊತ್ತು ಬಿಡುವು ಪಡೆದ ತಾಯಿಯೂ ಅವನ ಪಕ್ಕದಲ್ಲಿದ್ದು, ಮನೆಗೆ ಮರಳುವ ದಾರಿಯಲ್ಲಿ ಅವರಿಬ್ಬರೂ ಮಗಳ ಆಟದ ತಪ್ಪುಒಪ್ಪುಗಳನ್ನು ಕುರಿತು ಅವಳೊಡನೆಯೇ ವಾದಿಸಿದರೆ, ನೋಟಕರು ಬಂದರೆಂದು ಅಂದು ಹೇಳಬಹುದು.